ಪಿಂಗಾಣಿ ಕುಂಡದ ನೆಲಬಳ್ಳಿ

"ಗುರುಗಳೇ, ಆಳವಿಲ್ಲದವರಿಗೆ ಕಲಿಸುವುದು ಹೇಗೆ?" ಎಂದು ಪಾಲಾಕ್ಷ ಕೇಳಿದ.

ಅವನು ಗುರುಗಳ ಹಳೆಯ ಶಿಷ್ಯ. ಓದು ಕಲಿಯಲು ಮಠಕ್ಕೆ ಬರುವ ದೊಡ್ಡವರಿಗೆ ಅವನೇ ಪಾಠ ಹೇಳುತ್ತಿದ್ದ. ಯಾರು ಬಂದರೂ ವ್ಯಾಕರಣದ ಸೂತ್ರಗಳಿಂದಲೇ ಆರಂಭ. ಆ ತಿಂಗಳು ಒಬ್ಬ ನೇಕಾರನನ್ನು, ಒಬ್ಬ ಸೂಲಗಿತ್ತಿಯನ್ನು, ಒಬ್ಬ ಗಾಡಿ ಹೊಡೆಯುವವನನ್ನು ಅವನು ಪಾಠಶಾಲೆಯಿಂದ ಮನೆಗೆ ಕಳುಹಿಸಿಬಿಟ್ಟಿದ್ದ.

"ಎಷ್ಟು ಹೇಳಿದರೂ ತಲೆಗೆ ಹತ್ತುವುದಿಲ್ಲ. ಬಂದ ಕಾಗದ ಓದಲು ಗೊತ್ತಾದರೆ ಸಾಕು ಎನ್ನುತ್ತಾರೆ. ಇಂಥವರನ್ನು ಯಾಕೆ ಸೇರಿಸಿಕೊಳ್ಳಬೇಕು?" ಅವನ ದನಿ ಏರಿತ್ತು.

ಗುರುಗಳು ಅವನನ್ನು ಕೂರಲು ಹೇಳಿ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ತೋಟಗಾರ್ತಿ ಇದ್ದಳು. ಊರವರ ಮನೆಗಳಲ್ಲಿ ಗಿಡ ನೆಟ್ಟು ಬೆಳೆಸಿಕೊಡುವುದು ಅವಳ ಕಸುಬು. ಅವಳ ಕೈಗುಣ ಒಳ್ಳೆಯದೆಂದು ಜನ ಹುಡುಕಿಕೊಂಡು ಬರುತ್ತಿದ್ದರು. ಅವಳ ಮನೆಯೊಳಗೆ, ಕಿಟಕಿಯ ಬಳಿ, ಒಂದು ನೆಲಬಳ್ಳಿ ಇತ್ತು. ಅದು ಮೇಲಕ್ಕೆ ಏರುವ ಜಾತಿಯಲ್ಲ. ಮಣ್ಣಿಗೆ ಒತ್ತಿಕೊಂಡೇ ಹರಡುತ್ತದೆ. ಗೆಣ್ಣು ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ಆ ಬೇರು ಎರಡು ಬೆರಳಿಗಿಂತ ಕೆಳಗೆ ಇಳಿಯುವುದಿಲ್ಲ. ಬಾಯಿ ಅಗಲವಾಗಿದ್ದು ಆಳ ಕಡಿಮೆಯಿದ್ದ ಮಣ್ಣಿನ ಬೋಗುಣಿಯೊಂದಕ್ಕೆ ತಳದಲ್ಲಿ ತೂತು ಮಾಡಿ, ಅದರಲ್ಲಿ ಅವಳು ಬಳ್ಳಿಯನ್ನು ಬೆಳೆಸಿದ್ದಳು. ಅದು ಬೋಗುಣಿ ತುಂಬಿ, ಅಂಚು ದಾಟಿ, ಕೆಳಗೆ ಇಳಿಬಿದ್ದಿತ್ತು.

ಒಬ್ಬ ವರ್ತಕ ಅದನ್ನು ನೋಡಿದ. ಹೊಸ ಮನೆಯ ಪಡಸಾಲೆಗೆ ಅದೇ ಬೇಕೆಂದ. ಅವಳು ಸಂತೋಷದಿಂದ ಅರ್ಧ ಬಳ್ಳಿಯನ್ನು ಮಣ್ಣುಸಮೇತ ಎತ್ತಿಕೊಂಡು ಅವನ ಮನೆಗೆ ಹೋದಳು.

ಅಲ್ಲಿ ಸೊಂಟದೆತ್ತರದ ಪಿಂಗಾಣಿ ಕುಂಡ ಇಟ್ಟಿದ್ದರು. ಬಾಯಿ ಕಿರಿದು, ಒಳಗೆ ಬಾವಿಯಂಥ ಆಳ, ತಳದಲ್ಲಿ ತೂತಿಲ್ಲ.

"ಧಣಿ, ಇದು ಈ ಬಳ್ಳಿಗೆ ಆಗುವುದಿಲ್ಲ. ಇಷ್ಟು ಮಣ್ಣಿನಲ್ಲಿರುವ ನೀರನ್ನು ಈ ಪುಟ್ಟ ಬೇರು ಕುಡಿಯಲಾರದು. ನೀರು ನಿಂತು ಕೊಳೆಯುತ್ತದೆ. ಅಗಲವಾದ ಬೋಗುಣಿ ತರಿಸಿ. ಇಲ್ಲವೇ ತಳಕ್ಕೆ ತೂತಾದರೂ ಹಾಕಿಸಿ."

ವರ್ತಕ ನಕ್ಕ. "ಬಂದವರ ಎದುರು ಬೋಗುಣಿ ಇಡಲೇ? ಇಂಥ ಕುಂಡ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಸುಮ್ಮನೆ ನೆಡು. ಆಳ ಸಿಕ್ಕರೆ ಗಿಡವೂ ಆಳಕ್ಕೆ ಇಳಿಯುವುದನ್ನು ಕಲಿಯುತ್ತದೆ."

ಅವಳು ನೆಟ್ಟಳು. ಒಲ್ಲೆ ಎನ್ನಬೇಕಿತ್ತು ಎಂದು ಮನೆಯ ದಾರಿಯುದ್ದಕ್ಕೂ ಅನಿಸಿತು.

ವರ್ತಕನ ಮನೆಯವರು ದಿನವೂ ತಂಬಿಗೆ ತುಂಬ ನೀರು ಸುರಿದರು. ಇಪ್ಪತ್ತು ದಿನಕ್ಕೆ ಎಲೆ ಹಳದಿಯಾಯಿತು. ತಿಂಗಳಾಗುವಷ್ಟರಲ್ಲಿ ಕಾಂಡ ಕಪ್ಪಾಯಿತು. ಬಂದವರೆಲ್ಲ ಏನಾಯಿತೆಂದು ಕೇಳತೊಡಗಿದರು. ಕುಂಡದ ತಪ್ಪೆಂದು ಹೇಳಲು ವರ್ತಕನಿಗೆ ಬಾಯಿ ಬರಲಿಲ್ಲ. "ಅವಳ ಕೈಗುಣ ಸರಿಯಿಲ್ಲ. ರೋಗದ ಗಿಡ ತಂದು ನೆಟ್ಟಳು" ಎಂದ. ಒಬ್ಬರಿಗೆ ಹೇಳಿದ್ದು ಹತ್ತು ಮನೆಗೆ ಮುಟ್ಟಿತು. ಅವಳು ವರ್ಷಗಟ್ಟಲೆ ಕೆಲಸ ಮಾಡಿದ ಮನೆಗಳವರೇ ಒಬ್ಬೊಬ್ಬರಾಗಿ ನಾಳೆಯಿಂದ ಬರಬೇಡ ಎಂದರು. ಒಂದು ಮನೆಯ ಯಜಮಾನಿಯಂತೂ ಅವಳು ತಂದ ದಾಸವಾಳದ ಸಸಿಯನ್ನು ಬಾಗಿಲ ಹೊರಗೇ ಇಡಿಸಿದಳು.

ಅವಳು ಮನೆಗೆ ಬಂದಳು. ಕಿಟಕಿಯ ಬಳಿ ಉಳಿದರ್ಧ ಬಳ್ಳಿ ಹಸಿರಾಗಿತ್ತು. ಎರಡಕ್ಕೂ ತಾಯಿಬಳ್ಳಿ ಒಂದೇ, ನೆಟ್ಟ ಕೈಯೂ ಒಂದೇ. ಅದನ್ನು ನೋಡುತ್ತ ನೋಡುತ್ತ ಅವಳಿಗೆ ಸಿಟ್ಟು ಉಕ್ಕಿತು. ಮೊದಲು ಬೇಡ ಎಂದವಳೂ ತಾನೇ, ಕೊನೆಗೆ ಹೆಸರು ಕೆಡಿಸಿಕೊಂಡವಳೂ ತಾನೇ.

ಮರುದಿನ ಬೆಳಿಗ್ಗೆ ಅವಳು ನೇರ ವರ್ತಕನ ಮನೆಗೆ ನಡೆದಳು. ಪಡಸಾಲೆಯಲ್ಲಿ ನಾಲ್ಕು ಜನ ದೊಡ್ಡವರು ಕುಳಿತಿದ್ದರು. ಅವಳು ಯಾರನ್ನೂ ಮಾತಾಡಿಸಲಿಲ್ಲ. ಕುಂಡವನ್ನು ಎರಡೂ ಕೈಯಿಂದ ತಬ್ಬಿ ನೆಲಕ್ಕೆ ಬಗ್ಗಿಸಿದಳು. ಕಪ್ಪು ರಾಡಿ ಬುಳಬುಳನೆ ಹರಿಯಿತು. ಕುಳಿತವರು ಪಂಚೆ ಎತ್ತಿಕೊಂಡು, ಮೂಗು ಮುಚ್ಚಿಕೊಂಡು ಎದ್ದು ನಿಂತರು.

"ಯಾರ ಅಪ್ಪಣೆ ಕೇಳಿ ಇದನ್ನು ಮುಟ್ಟಿದೆ?" ಎಂದು ವರ್ತಕ ಗುಡುಗಿದ.

"ಮೂಸಿ ನೋಡಿ, ಧಣಿ." ಅವಳು ರಾಡಿಯತ್ತ ಕೈ ತೋರಿದಳು. "ಇದು ನನ್ನ ಕೈಗುಣದ ನಾತವೇ? ಬದುಕಲಿ ಎಂದು ತಂದುಕೊಟ್ಟ ಜೀವವನ್ನು ನೀರಿನಲ್ಲಿ ಮುಳುಗಿಸಿ ಕೊಂದಿರಿ. ಕೊಂದದ್ದು ಸಾಲದೆಂದು ಅದಕ್ಕೆ ರೋಗವಿತ್ತು ಎಂದಿರಿ. ನಿಮ್ಮ ಕುಂಡ ಚೆಂದವೇ ಇದೆ. ಆ ಚೆಂದ ಕಟ್ಟಿಕೊಂಡು ಗಿಡಕ್ಕೆ ಏನಾಗಬೇಕಿತ್ತು?"

ಅವಳು ಆ ರಾಡಿಯಲ್ಲಿ ಕೈಯಾಡಿಸಿದಳು. ಗೇಣುದ್ದದ ಒಂದು ಕುಡಿಯಲ್ಲಿ ಇನ್ನೂ ಹಸಿರಿತ್ತು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟುಹೋದಳು.

ಆ ಕುಡಿಯನ್ನು ಅವಳು ಇನ್ನೊಂದು ಬೋಗುಣಿಯಲ್ಲಿ ಊರಿ, ಮನೆಯ ಜಗಲಿಯ ಮೇಲೆ ಬೀದಿಗೆ ಕಾಣುವಂತೆ ಇಟ್ಟಳು. ಎರಡು ತಿಂಗಳಿಗೆ ಅದು ಅಂಚು ದಾಟಿತು. ಹೋಗಿಬರುವವರು ನಿಂತು ನೋಡಿದರು. ಕೆಲವು ಮನೆಗಳವರು ಅವಳನ್ನು ಮತ್ತೆ ಕರೆದರು. ಕೆಲವರು ಕರೆಯಲೇ ಇಲ್ಲ.

ವರ್ತಕ ಕುಂಡವನ್ನು ತೊಳೆಸಿದ. ಬೇರೆ ಊರಿನಿಂದ ಅದೇ ಜಾತಿಯ ಬಳ್ಳಿ ತರಿಸಿ ಅದರಲ್ಲೇ ನೆಡಿಸಿದ. ಅದೂ ಹಳದಿಯಾಯಿತು. ಆ ಊರಿನ ಗಿಡಗಳಲ್ಲೂ ಸತ್ವವಿಲ್ಲ ಎಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಪಾಲಾಕ್ಷನಿಗೆ ತಡೆಯಲಾಗಲಿಲ್ಲ. "ಎಂಥ ಮನುಷ್ಯ! ಅವಳ ಮನೆಯ ಬಾಗಿಲಿಗೆ ಹೋಗಿ ತಪ್ಪಾಯಿತು ಎಂದು ಹೇಳಬೇಡವೇ ಅವನು?"

"ನೇಕಾರನ ಮನೆ ಹತ್ತಿರವಿದೆ, ಅಲ್ಲಿಂದಲೇ ಶುರುಮಾಡು" ಎಂದರು ಗುರುಗಳು.