ಕೊಡುಗೈ ದಾನಿಯ ಜಾಹೀರಾತು

ಟಾಯ್ಲೆಟ್ ಪಿಟ್ ಖಾಲಿ ಮಾಡುವ ಲಾರಿಯ ಯಜಮಾನ ಹಾಲಸ್ವಾಮಿಯವರಿಗೆ, ನೆಟ್‌ನಲ್ಲಿ ಹುಡುಕಿದವರಿಗೆ ಕಾಣುವ ಜಾಹೀರಾತು ಬೇಕಿತ್ತು. ಗುಮಾಸ್ತ ಎಐ ಕೈಲಿ ಬರೆಸಿದ: ‘ಪಿಟ್ ತುಂಬಿದೆಯೇ? ಒಂದೇ ಗಂಟೆಯಲ್ಲಿ ಬರುತ್ತೇವೆ.’

“ನನ್ನ ಹೆಸರೆಲ್ಲಯ್ಯಾ? ಕೊಡುಗೈ ದಾನಿ, ಸಮಾಜ ಸೇವಕ ಅಂತ ಬರೆಸು.”

ಒಂಬತ್ತು ಸಲ ತಿದ್ದಿಸಿದರು. ಕೊನೆಗೆ ಪಿಟ್ಟಿಗೇ ಜಾಗ ಉಳಿಯಲಿಲ್ಲ.

ಗುಮಾಸ್ತನಿಗೆ ತಲೆ ಚಿಟ್ಟು ಹಿಡಿಯಿತು. ಹೇಳಿದ್ದನ್ನೇ ಹಾಕಿದ. ‘ದಾನಿಗಳು’ ಎಂದು ಹುಡುಕಿದವರಿಗೆ ಕಾಣುವಂತೆ ಮಾಡಿ, ಯಜಮಾನರ ಸ್ವಂತ ಮೊಬೈಲ್ ನಂಬರನ್ನೇ ಕೊಟ್ಟ.

ಮರುದಿನ ಫೋನು ಬಿಡುವೇ ಕೊಡಲಿಲ್ಲ. ಒಬ್ಬರಿಗೆ ಗಣೇಶನ ಪೆಂಡಾಲು, ಇನ್ನೊಬ್ಬರಿಗೆ ಶಾಲೆಯ ಕಾಂಪೌಂಡು, ಮತ್ತೊಬ್ಬರಿಗೆ ಕಬಡ್ಡಿ ಟ್ರೋಫಿ.

“ಊರಲ್ಲಿ ಯಾರ ಪಿಟ್ಟೂ ತುಂಬಿಲ್ಲವೇನಯ್ಯಾ?”

“ತುಂಬಿದೋರು ಲಾರಿ ಹುಡುಕ್ತಾರೆ ಸರ್. ದಾನಿಗಳನ್ನ ಯಾಕೆ ಹುಡುಕ್ತಾರೆ?”

ಫೋನು ಮತ್ತೆ ಬಡಿದುಕೊಂಡಿತು. ಹಾಲಸ್ವಾಮಿಯವರು ಎತ್ತಿಕೊಂಡು ಮೆಲ್ಲಗೆ ಹೇಳಿದರು: “ರಾಂಗ್ ನಂಬರ್ ಕಣಪ್ಪಾ. ಇದು ಪಿಟ್ ಲಾರಿ.”