ಸಭೆಯೆದುರು ಕೂತ ಗಜಗೌರಿ

"ನಾಳೆ ನನ್ನ ಸಭೆಯಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ತೆರೆಯಬಾರದು. ಅದನ್ನು ಸಾಧಿಸುವುದು ನಿನ್ನ ಕೆಲಸ!" ಎಂದು ಹೊನ್ನಗಿರಿಯ ರಾಜ ರಣಭೂಪ ಗುಡುಗಿದ. "ಆದರೆ ಯಾರನ್ನೂ ಗದರಬೇಡ, ದಂಡ ಹಾಕಬೇಡ, ಕಾವಲುಗಾರರನ್ನು ಕರೆಯಬೇಡ. ಎಲ್ಲರೂ ಮಾನವಂತರು. ಸೋತರೆ ಒಂದು ವರ್ಷ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂರಬೇಕು, ತಿಳಿಯಿತೇ?"

ಈ ಅಪ್ಪಣೆ ಬಿದ್ದದ್ದು ಗುಂಡರಸನಿಗೆ. ಅವನು ಆಸ್ಥಾನದ ವಿದೂಷಕ. ವಿದೂಷಕನೆಂದರೆ ಮಾತಿನಿಂದಲೇ ಅನ್ನ ಸಂಪಾದಿಸುವವನು. ಬಾಯಿಗೆ ಬಟ್ಟೆ ಕಟ್ಟಿದರೆ ಮಾತು ಹೊರಗೆ ಬರುವುದಿಲ್ಲ, ಅನ್ನ ಒಳಗೆ ಹೋಗುವುದಿಲ್ಲ.

ರಾಜನ ಸಿಟ್ಟಿಗೂ ಕಾರಣವಿತ್ತು. ಪಟ್ಟದಾನೆ ಗಜಗೌರಿ ಹನ್ನೊಂದು ದಿನದಿಂದ ಸಭೆ ಸೇರುವ ಹೊತ್ತಿಗೆ ಸರಿಯಾಗಿ ಸಭಾಭವನದ ಮುಂದಿನ ಬೀದಿಗೆ ಅಡ್ಡಲಾಗಿ ಕೂತುಬಿಡುತ್ತಿತ್ತು. ಸಂಜೆಯವರೆಗೆ ಏಳುತ್ತಿರಲಿಲ್ಲ. ಊರಿಗೆ ನೀರು ತರುವ ಗಾಡಿಗಳಿಗೆ ಇದ್ದದ್ದು ಅದೊಂದೇ ದಾರಿ. ಸಂಜೆ ಬರುವ ನಾಲ್ಕು ಗಾಡಿ ನೀರು ಕುಡಿಯುವುದಕ್ಕೇ ಸಾಲದು. ರಾಜನಿಗೇ ಸ್ನಾನವಾಗಿ ಐದು ದಿನವಾಗಿತ್ತು. ಹತ್ತಿರ ನಿಂತವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಭೆಯಲ್ಲಿ ಈ ಬಗ್ಗೆ ದಿನವೂ ಚರ್ಚೆ ನಡೆಯುತ್ತಿತ್ತು. ಚರ್ಚೆಯೆಂದರೆ ನಲವತ್ತು ಜನ ಒಟ್ಟಿಗೆ ಕಿರುಚುವುದು. ಮಾವುತ ದೊಡ್ಡಮಾದ ಬಾಗಿಲಲ್ಲಿ ಕೈಮುಗಿದು ನಿಂತು "ಬುದ್ಧೀ..." ಎನ್ನುತ್ತಿದ್ದ. ಆ ಗದ್ದಲದಲ್ಲಿ ಹನ್ನೊಂದು ದಿನವಾದರೂ ಅವನ ಎರಡನೆಯ ಪದ ಯಾರಿಗೂ ಕೇಳಿಸಿರಲಿಲ್ಲ. ಇದನ್ನು ಗಮನಿಸಿದ್ದವನು ಗುಂಡರಸ ಒಬ್ಬನೇ.

ಮರುದಿನ ಅವನು ಒಂದು ಹೊರೆ ಶಾಲು ಹೊತ್ತು ಬಂದ.

"ಮಹನೀಯರೇ, ಇನ್ನೊಬ್ಬರ ಮಾತು ಮುಗಿಯುವ ತನಕ ಕಾಯಲಾಗದಷ್ಟು ಕಾಳಜಿ ಯಾರಿಗಿದೆಯೋ ಅವರಿಗೆ ಇಂದು ಸನ್ಮಾನ! ಶಾಲು ಹೊದಿಸಿ, ಆನೆ ಎಬ್ಬಿಸುವ ಕೆಲಸವನ್ನೂ ಅವರಿಗೇ ಒಪ್ಪಿಸುತ್ತೇವೆ. ದೊಡ್ಡಮಾದ, ಹೇಳಪ್ಪ."

"ಬುದ್ಧೀ, ಆನೆ ಯಾಕೆ—"

"ಅವನನ್ನೇನು ಕೇಳ್ತೀರಿ? ಬಾಲ ಹಿಡಿದು ಎಳೆದರಾಯ್ತು!" ಎಂದು ಸೇನಾಪತಿ ಕಲಿವೀರ ಅಬ್ಬರಿಸಿದ.

"ಆಹಾ, ಎಂಥ ಕಾಳಜಿ!" ಗುಂಡರಸ ಶಾಲು ಹೊದಿಸಿಯೇಬಿಟ್ಟ. "ಬಾಲ ಹೊರಗಡೆ ಇದೆ, ಸ್ವಾಮಿ. ದಯಮಾಡಿಸಿ."

ಎಲ್ಲರೂ ಕಿಟಕಿಗೆ ಮುತ್ತಿದರು. ಸೇನಾಪತಿ ಬಾಲ ಎಳೆದ. ಗಜಗೌರಿ ಬಾಲ ಬೀಸಿತು. ಬಾಲದ ಜೊತೆ ಸೇನಾಪತಿಯೂ ಅತ್ತಿಂದಿತ್ತ ತೂಗಾಡಿದ. ಸಭೆ ಗೊಳ್ಳೆಂದಿತು.

"ಬುದ್ಧೀ, ಅದು ಕೂರೋದು—"

"ಹೆಣ್ಣಾನೆಗೆ ಮುದ್ದಿನ ಮಾತು ಬೇಕಯ್ಯಾ!" ಎಂದರು ಪ್ರಧಾನಿ ಸೂರಪ್ಪಯ್ಯ.

ಅವರಿಗೂ ಶಾಲು ಬಿತ್ತು. ಅವರು ಹೊರಗೆ ಹೋಗಿ "ಏಳು ಪುಟ್ಟೀ, ಏಳು ಬಂಗಾರೀ" ಎನ್ನುತ್ತಿದ್ದಂತೆ ಗಜಗೌರಿ ಅವರ ಶಾಲನ್ನು ಎಳೆದು ಬಾಯಿಗೆ ಹಾಕಿಕೊಂಡಿತು. ಶಾಲು ಹಸಿರು ಬಣ್ಣದ್ದು, ಹುಲ್ಲೆಂದುಕೊಂಡಿರಬೇಕು.

ಉಳಿದ ಮೂವತ್ತೆಂಟು ಬಾಯಿಗಳು ಮುಚ್ಚಿಕೊಂಡವು. ತಡೆಯಲಾರದವನು ರಾಜನೊಬ್ಬನೇ.

"ಬೇಗ ಹೇಳಿ ಸಾಯೋ—"

ಗುಂಡರಸ ಬಾಗಿ ನಮಸ್ಕರಿಸಿ ಕೇಳಿದ: "ಪ್ರಭುಗಳಿಗೆ ಕೆಂಪು ಶಾಲು ಒಪ್ಪುತ್ತದೋ, ಹಳದಿಯೋ?"

ರಾಜ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಸಭೆ ನಿಶ್ಶಬ್ದವಾಯಿತು.

ದೊಡ್ಡಮಾದ ಹೇಳಿದ: "ಬುದ್ಧೀ, ಮೆರವಣಿಗೇಲಿ ಜನ ಜಯಘೋಷ ಹಾಕಿದರೆ ಕೂತುಕೊಂಡು ಗೌರವ ಕೊಡಬೇಕು, ಕೂಗು ನಿಲ್ಲೋವರೆಗೂ ಏಳಬಾರದು ಅಂತ ಅದಕ್ಕೆ ಈಚೆಗೆ ನಾನೇ ಕಲಿಸಿದ್ದು. ದಿನಾ ಹೊಳೆಗೆ ಹೋಗುವಾಗ ಇಲ್ಲಿಯ ಗದ್ದಲ ಕೇಳಿ ಜಯಘೋಷ ಅಂದುಕೊಂಡು ಕೂರುತ್ತೆ. ತಾವೆಲ್ಲ ಸುಮ್ಮನಿದ್ದರೆ ಎದ್ದು ಹೋಗುತ್ತೆ. ಅಷ್ಟೇ, ಬುದ್ಧೀ."

ಯಾರೂ ಉಸಿರೆತ್ತಲಿಲ್ಲ. ಹೊರಗೆ ಘಲ್ಲೆಂದು ಗೆಜ್ಜೆಯ ಸದ್ದಾಯಿತು. ಗಜಗೌರಿ ಎದ್ದು, ಶಾಲು ಅಗಿಯುತ್ತ, ಹೊಳೆಯ ಕಡೆ ಹೊರಟಿತು. ದಾರಿ ತೆರವಾದದ್ದೇ ತಡ, ನೀರಿನ ಗಾಡಿಗಳು ಕಿರುಗುಟ್ಟುತ್ತ ಊರೊಳಗೆ ಬಂದವು.

ರಾಜ ನಾಚಿಕೆಯಿಂದ ಮೆಲ್ಲಗೆ ಕೇಳಿದ: "ಗುಂಡರಸ, ನಿಜ ಹೇಳು. ಈ ಹನ್ನೊಂದು ದಿನದಲ್ಲಿ ನನ್ನ ಸಭೆಯ ಮಾತನ್ನು ಒಬ್ಬರಾದರೂ ಮರ್ಯಾದೆಯಿಂದ ಕೂತು ಕೇಳಿದ್ದಾರೇನಯ್ಯಾ?"

"ಒಬ್ಬರು ಕೇಳಿದ್ದಾರೆ, ಪ್ರಭು," ಎಂದ ಗುಂಡರಸ. "ಬಾಗಿಲು ಚಿಕ್ಕದು ನೋಡಿ, ಅದಕ್ಕೇ ಹೊರಗೆ ಕೂತಿದ್ದರು."

ರಾಜ ತನ್ನ ಕೊರಳಿನ ಸರ ತೆಗೆದು ಗುಂಡರಸನ ಕೊರಳಿಗೆ ಹಾಕಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಸದ್ದು ಮಾತ್ರ ಮಾಡಲಿಲ್ಲ.