ಕತ್ತಲ ಕಡೆಗೆ ಹೊರಟ ಬಳ್ಳಿ

ಶಿಷ್ಯ ಕೇಳಿದ: "ಗುರುಗಳೇ, ನನ್ನ ತಮ್ಮ ಬಸವಂತನಿಗೆ ನಿಶ್ಚಯವಾಗಿದ್ದ ಮದುವೆ ಮುರಿದುಬಿತ್ತು. ಅಂದಿನಿಂದ ಅವನು ಒಳಕೋಣೆಯ ಮೂಲೆ ಹಿಡಿದು ಕೂತಿದ್ದಾನೆ. ದಿನವೂ ರಟ್ಟೆ ಹಿಡಿದು ಹೊರಗಿನ ಕಟ್ಟೆಗೆ ಎಳೆದು ತರುತ್ತೇನೆ, ನಾಲ್ಕು ಜನರ ನಡುವೆ ಕೂರಿಸುತ್ತೇನೆ. ನಾನು ಆಚೆ ತಿರುಗಿದ್ದೇ ತಡ, ಮತ್ತೆ ಮೂಲೆ ಸೇರುತ್ತಾನೆ. ಇನ್ನೆಷ್ಟು ದಿನ ಎಳೆಯಲಿ?"

ಗುರುಗಳು ನಕ್ಕರು. "ನಿನ್ನ ರಟ್ಟೆ ಗಟ್ಟಿಯಿದೆ, ಅದರಲ್ಲಿ ಸಂಶಯವಿಲ್ಲ. ಕೂತುಕೋ" ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಕೈಗೆ ಸಿಕ್ಕಿದ್ದನ್ನು ತಿರುಗಿಸುವುದು ಅವನ ಸ್ವಭಾವ. ಕೀಲಿ ತಿರುಗಿಸಿದರೆ ಗಡಿಯಾರ ನಡೆಯುತ್ತದೆ, ಮುಳ್ಳು ತಿರುಗಿಸಿದರೆ ಹೊತ್ತು ಸರಿಯಾಗುತ್ತದೆ. ಲೋಕದಲ್ಲಿ ಕೆಟ್ಟದ್ದೆಲ್ಲ ಹೀಗೆಯೇ ಸರಿಹೋಗುತ್ತದೆಂದು ಅವನು ನಂಬಿದ್ದ. ಕಸುಬು ಕೈಗೆ ಹತ್ತಿದರೆ ಒಳ್ಳೆಯದು, ತಲೆಗೆ ಹತ್ತಿದರೆ ಕಷ್ಟ.

ಅವನ ಹೆಂಡತಿ ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡಳು. ಕೆಲವು ತಿಂಗಳಿಗೆ ಮೂಳೆ ಕೂಡಿತು. ವೈದ್ಯರು, "ಇನ್ನು ಎದ್ದು ನಡೆಯಬೇಕು. ಹೀಗೇ ಮಲಗಿದ್ದರೆ ಕಾಲಿನ ಶಕ್ತಿ ಹೋಗುತ್ತದೆ" ಎಂದರು. ಆದರೆ ಅವಳು ಏಳಲಿಲ್ಲ. ಗಂಡ ದಿನವೂ ಎರಡೂ ಕೈ ಹಿಡಿದು ಜಗ್ಗುತ್ತಿದ್ದ. ಅವಳು ನೋವೆಂದು ಕೂಗಿ ಮತ್ತೆ ಮಲಗುತ್ತಿದ್ದಳು. ಬರಬರುತ್ತ ಊಟ ಕಡಿಮೆಯಾಯಿತು, ಮಾತೂ ಕಡಿಮೆಯಾಯಿತು. ಇವಳು ನನ್ನ ಕೈ ತಪ್ಪಿ ಹೋಗುತ್ತಿದ್ದಾಳೆ ಎಂದು ಅವನಿಗೆ ಭಯ ಹತ್ತಿತು.

ನಿನಗೆ ಏನು ಬೇಕು ಎಂದು ಒಂದು ದಿನ ಕೇಳಿದ. ಅವಳು ಕಾಡಂಚಿನ ಊರಿನವಳು. ಅಲ್ಲಿ ದೊಡ್ಡ ಮರಗಳನ್ನು ಹತ್ತುವ ಒಂದು ಅಪರೂಪದ ಬಳ್ಳಿ ಇತ್ತು. ಅದಕ್ಕೆ ಮೊರದಗಲದ ಎಲೆ, ಎಲೆಯ ತುಂಬ ತೂತು. ಆ ಎಲೆಯನ್ನು ಇನ್ನೊಮ್ಮೆ ನೋಡಬೇಕು ಎಂದಳು. ಹಾಸಿಗೆ ಹಿಡಿದ ಮೇಲೆ ಅವಳು ಬಯಸಿದ್ದು ಅದೊಂದನ್ನೇ.

ಅವಳ ಅಣ್ಣ ಕಾಡು ಸುತ್ತಿ ಒಂದು ಹಿಡಿ ಬೀಜ ಕಳುಹಿಸಿದ. ಹೆಚ್ಚಿನವು ದಾರಿಯಲ್ಲೇ ಒಣಗಿದ್ದವು. ಮೊಳೆತದ್ದು ಒಂದೇ ಒಂದು. ಆ ಬಳ್ಳಿ ಮತ್ತೆ ಕಾಯಿ ಬಿಡುವುದು ಎಷ್ಟು ವರ್ಷಕ್ಕೋ ಯಾರಿಗೂ ಗೊತ್ತಿರಲಿಲ್ಲ. ಗಡಿಯಾರದವನು ಸಸಿಯನ್ನು ಕುಂಡದಲ್ಲಿ ನೆಟ್ಟು, ಮಂಚದ ಎದುರು, ಕಿಟಕಿಯ ಕೆಳಗೆ ಇಟ್ಟ. ಕೋಣೆಯ ಗಾಳಿ ಒಣಗಬಾರದೆಂದು ಸುತ್ತ ಒದ್ದೆ ಗೋಣಿ ಹರಡಿದ. ಬಾಣಂತಿಯ ಕೋಣೆಗೂ ಜನ ಅಷ್ಟು ಜೋಪಾನ ಮಾಡುವುದಿಲ್ಲ.

ಕೆಲವೇ ದಿನಗಳಲ್ಲಿ ಒಂದು ವಿಚಿತ್ರ ಕಂಡಿತು. ಕುಡಿ ಕಿಟಕಿಗೆ ಬೆನ್ನು ಹಾಕಿ, ಕೋಣೆಯ ಕತ್ತಲ ಮೂಲೆಯ ಕಡೆ ಚಾಚಿತ್ತು. ಅವನು ಹೌಹಾರಿದ. ಗಿಡವೆಂದ ಮೇಲೆ ಬೆಳಕಿಗೆ ಹೋಗಬೇಕು, ಇದು ಸಾಯಲು ಹೊರಟಿದೆ ಎಂದುಕೊಂಡು ಕುಂಡವನ್ನು ತಿರುಗಿಸಿಟ್ಟ. ಕುಡಿ ಮತ್ತೆ ಮೂಲೆಯ ಕಡೆಗೇ ಹೊರಳಿತು. ಮತ್ತೆ ತಿರುಗಿಸಿದ. ಆಮೇಲೆ ದಿನಾ ಬೆಳಿಗ್ಗೆ ಎಂಟು ಹೊಡೆದ ಕೂಡಲೇ, ಗಡಿಯಾರಕ್ಕೆ ಕೀಲಿ ಕೊಟ್ಟಂತೆ, ತಪ್ಪದೆ ಕುಂಡ ತಿರುಗಿಸತೊಡಗಿದ. ಬಳ್ಳಿ ಏರಿಗೆಳೆದರೆ ಇವನು ನೀರಿಗೆಳೆದ. ದಂಟು ಸೊಟ್ಟಗಾಯಿತು. ಹೊಸ ಎಲೆಗಳು ಉಗುರಿಗಿಂತ ಸಣ್ಣವಾದವು. ಒಂದು ಎಲೆ ಹಳದಿಯಾಗಿ ಉದುರಿತು.

ಮಂಚದ ಮೇಲಿದ್ದವಳಿಗೆ ಬೇರೆ ಕೆಲಸವಿರಲಿಲ್ಲ. ಇಡೀ ದಿನ ಬಳ್ಳಿಯನ್ನೇ ನೋಡುತ್ತಿದ್ದಳು. ನೋಡಿ ನೋಡಿ ಅವಳಿಗೆ ತನ್ನೂರಿನ ಕಾಡಿನ ನೆಲ ನೆನಪಾಯಿತು. ಒಂದು ಬೆಳಿಗ್ಗೆ ಅವನು ಕುಂಡಕ್ಕೆ ಕೈ ಹಾಕಿದಾಗ ಹೇಳಿದಳು:

"ತಿರುಗಸಬ್ಯಾಡ್ರಿ. ಅದು ಸಾಯಾಕ ಹೊಂಟಿಲ್ಲ, ಮರ ಹುಡುಕಾಕ ಹೊಂಟೈತಿ. ಕಾಡಿನ್ಯಾಗ ಎಲ್ಲಿ ಕತ್ತಲಿ ಹೆಚ್ಚೈತೋ ಅಲ್ಲೇ ದೊಡ್ಡ ಮರದ ಬೊಡ್ಡಿ ಇರತೈತಿ. ಅದನ್ನ ಹಿಡಕೊಂಡ ಮ್ಯಾಲೇ ಬಳ್ಳಿ ಬೆಳಕಿಗೆ ಹತ್ತೋದು."

"ನಮ್ಮ ಮೂಲ್ಯಾಗ ಎಲ್ಲೈತಿ ಮರ? ಬರೇ ಗ್ವಾಡಿ ಐತಿ" ಎಂದ ಅವನು.

"ಇಲ್ಲ ಅಂದ್ರ ತಂದು ನಿಂದರಸ್ರಿ."

ಅವನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೂ ಅವಳು ಅಷ್ಟು ಮಾತಾಡಿ ಬಹಳ ದಿನವಾಗಿತ್ತು. ಆ ಸಂತೋಷಕ್ಕೇ ಹೋಗಿ, ಒರಟು ತೊಗಟೆಯ, ಆಳೆತ್ತರದ ಒಂದು ಮರದ ಬೊಡ್ಡೆ ತಂದು ಮೂಲೆಯಲ್ಲಿ ನಿಲ್ಲಿಸಿದ. ದಿನವೂ ಅದಕ್ಕೆ ನೀರು ಚಿಮುಕಿಸಿದ. ಕುಂಡವನ್ನು ಮುಟ್ಟಲಿಲ್ಲ. ಎಂಟು ಹೊಡೆದಾಗ ಅವನ ಕೈ ತುರಿಸುತ್ತಿತ್ತು. ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಲ್ಲುತ್ತಿದ್ದ. ಅವಳು ಅದನ್ನು ನೋಡಿ ನಗುತ್ತಿದ್ದಳು.

ಕುಡಿ ನೆಲದ ಮೇಲೆ ತೆವಳಿ ಮೂಲೆ ಮುಟ್ಟಿತು. ಬೇರು ಬಿಟ್ಟು ತೊಗಟೆ ಹಿಡಿಯಿತು. ಹಿಡಿದ ಮೇಲೆ ಅದರ ಗುಣವೇ ಬದಲಾಯಿತು. ತಲೆಯೆತ್ತಿ ಬೆಳಕಿನ ಕಡೆ ಹತ್ತತೊಡಗಿತು. ಹಿಂದಿನ ಎಲೆಗಿಂತ ಮುಂದಿನ ಎಲೆ ದೊಡ್ಡದಾಗುತ್ತ ಹೋಯಿತು. ಹೆಂಡತಿ ಮಂಚದಿಂದಲೇ ಎಲೆ ಎಣಿಸುತ್ತಿದ್ದಳು. ಅರ್ಧ ರೊಟ್ಟಿ ಬಿಡುತ್ತಿದ್ದವಳು ಇನ್ನೊಂದು ಕೇಳಿ ಉಣ್ಣತೊಡಗಿದಳು.

ಕೊನೆಗೆ ಒಂದು ಎಲೆ ಬಂತು. ಮೊರದಷ್ಟಲ್ಲ, ಅಂಗೈಯಷ್ಟು. ಆದರೆ ಅದರಲ್ಲಿ ಒಂದು ತೂತಿತ್ತು. ಅದು ಬೊಡ್ಡೆಯ ಆಚೆ ಬದಿಗೆ, ಕಿಟಕಿಗೆ ಮುಖ ಮಾಡಿ ಬಿಚ್ಚಿಕೊಂಡಿತ್ತು. ಮಂಚದಿಂದ ಕಾಣುತ್ತಿರಲಿಲ್ಲ.

ಗಡಿಯಾರದವನ ಕೈ ಬೊಡ್ಡೆಯನ್ನು ತಿರುಗಿಸಲು ಹೋಯಿತು. ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಮಂಚದ ಬಳಿ ಬಂದು, ಎಂದಿನಂತೆ ಅವಳ ಎರಡೂ ಕೈ ಹಿಡಿದ.

"ಜಗ್ಗಬ್ಯಾಡ್ರಿ" ಎಂದಳು ಅವಳು. "ಇಲ್ಲೇ ಬಾಜೂಕ ಸುಮ್ಮನ ನಿಂದರ್ರಿ."

ಅವನು ನಿಂತ. ಅವಳು ಅವನ ತೋಳು ಹಿಡಿದಳು, ಆಮೇಲೆ ಹೆಗಲು ಹಿಡಿದಳು. ಹಲ್ಲು ಕಚ್ಚಿ ಎದ್ದು ನಿಂತಳು. ಮೂಲೆಗೆ ಆರೇ ಹೆಜ್ಜೆ. ಹೆಜ್ಜೆಗೊಮ್ಮೆ ನಿಂತು, ಉಸಿರು ತೆಗೆದುಕೊಂಡು, ಆರನ್ನೂ ನಡೆದಳು. ಎಲೆಯ ಹಿಂದೆ ನಿಂತು, ಆ ಒಂದು ತೂತಿನಿಂದ ಕಿಟಕಿಯ ಹೊರಗೆ ನೋಡಿದಳು. ಗಂಡನಿಗೆ ಅಳು ಬಂತು. ಆದರೂ ಅವನು ಅಲುಗಲಿಲ್ಲ, ಅವಳ ಕೈ ಇನ್ನೂ ಅವನ ಹೆಗಲ ಮೇಲಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಹಗುರವಾಗಿತ್ತು. ಅವನು ಎದ್ದು ಕೈಮುಗಿದ.

"ತಿಳಿಯಿತು ಗುರುಗಳೇ. ಇನ್ನು ಅವನನ್ನು ಎಳೆಯುವುದಿಲ್ಲ. ಮೂಲೆಯಲ್ಲಿ ಅವನ ಪಾಡಿಗೆ ಅವನನ್ನು ಬಿಟ್ಟುಬಿಡುತ್ತೇನೆ."

"ಬಿಡು" ಎಂದರು ಗುರುಗಳು. "ಆದರೆ ಆ ಮೂಲೆಯಲ್ಲಿ ಅವನಿಗೆ ಹಿಡಿದುಕೊಳ್ಳಲು ಏನಿದೆ?"

ಹೊರಡಲು ಎದ್ದಿದ್ದ ಶಿಷ್ಯ ಮತ್ತೆ ಕೂತುಕೊಂಡ.